ರಾಶಿ, ಗಂಜ್ ಮತ್ತು ದಿಲ್ಲಿಯ ಅಧಿಸೂಚನೆ: ಕಲಬುರಗಿ ತೊಗರಿಯ ಒಂದು ಹಂಗಾಮು

ಕಲಬುರಗಿಯ ಗಂಜಿನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ತೊಗರಿಯ ಟೆಂಡರಿಗೆ ದರ ಹಾಕುವ ಮೊದಲು ಖರೀದಿದಾರರು ಮೊಬೈಲ್ ನೋಡುತ್ತಾರೆ. ಅದರಲ್ಲಿ ಅಫಜಲಪುರದ ಸುದ್ದಿಯೂ ಇರುವುದಿಲ್ಲ, ಚಿಂಚೋಳಿಯ ಸುದ್ದಿಯೂ ಇರುವುದಿಲ್ಲ. ಚೆನ್ನೈಗೆ ಬಂದ ಲೆಮನ್ ಎಷ್ಟಕ್ಕೆ ಹೋಯಿತು, ಮುಂಬೈನಲ್ಲಿ ಅರುಷಾ, ಮತ್ವಾರಾ, ಗಜರಿ ಎಷ್ಟು, ಡಾಲರ್ ಎಲ್ಲಿದೆ, ಇಷ್ಟೇ. ಲೆಮನ್ ಅಂದರೆ ಮ್ಯಾನ್ಮಾರ್ ತೊಗರಿ. ನಮ್ಮವರು ಇನ್ನೂ ಬರ್ಮಾ ಮಾಲು ಅಂತಲೇ ಅನ್ನುತ್ತಾರೆ. ಅರುಷಾ, ಮತ್ವಾರಾ ತಾಂಜಾನಿಯಾದವು, ಗಜರಿ ಮೊಜಾಂಬಿಕ್‌ನದು. ಮುಕ್ತ ವ್ಯಾಪಾರ ಒಳ್ಳೆಯದೋ, ದೇಶದ ಬೆಳೆಗೆ ರಕ್ಷಣೆ ಬೇಕೋ ಎಂಬ ವಾದ ಇಲ್ಲಿ ಕ್ವಿಂಟಲಿಗೆ ಇಷ್ಟು ರೂಪಾಯಿ ಎಂಬ ಲೆಕ್ಕವಾಗಿ ಬರುತ್ತದೆ. ಬೆಳೆಯುವ, ಕೊಳ್ಳುವ, ಬೇಳೆ ಒಡೆಯುವ ಕೆಲಸದಲ್ಲಿರುವ ನಾವು ಆ ಲೆಕ್ಕ ಬಿತ್ತನೆಯಿಂದ ಮಿಲ್ಲಿನ ತನಕ ಹೇಗೆ ಸಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಜೂನ್‌ನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಎಕರೆಗೆ 4-5 ಕೆಜಿ ಬೀಜ ಹೋಗುತ್ತದೆ. ಟಿಎಸ್-3ಆರ್, ಜಿಆರ್‌ಜಿ-811 ತಳಿಗಳು ಈಗ ಹೆಚ್ಚು. ಹಳೆಯ ಮಾರುತಿ ಅಲ್ಲಲ್ಲಿ ಉಳಿದಿದೆ. ಸಾಲಿನ ನಡುವೆ ಹೆಸರು ಅಥವಾ ಉದ್ದು, ಬೀದರ್ ಕಡೆ ಸೋಯಾ. ಮಳೆಯಾಶ್ರಯದಲ್ಲಿ ಎಕರೆಗೆ 3-4 ಕ್ವಿಂಟಲ್ ಬಂದರೆ ವರ್ಷ ಚೆನ್ನಾಗಿತ್ತು ಎನ್ನಬೇಕು. ನೆಟೆ ರೋಗ ಬಿದ್ದರೆ ಹೂವು-ಕಾಯಿ ಹೊತ್ತ ಗಿಡವೇ ನಿಂತಲ್ಲಿ ಒಣಗುತ್ತದೆ, ಆಗ ಮೇಲಿನ ಯಾವ ಲೆಕ್ಕವೂ ಇಲ್ಲ. ಬಿತ್ತುವ ಹೊತ್ತಿಗೆ ರೈತನಿಗೆ ಬೆಂಬಲ ಬೆಲೆ ಗೊತ್ತಿರುತ್ತದೆ: 2024-25ಕ್ಕೆ 7,550 ರೂಪಾಯಿ, 2025-26ಕ್ಕೆ 8,000. ಆದರೆ ಜನವರಿಯಲ್ಲಿ ಹೊರದೇಶದ ತೊಗರಿ ಯಾವ ಷರತ್ತಿನ ಮೇಲೆ ಒಳಗೆ ಬರುತ್ತದೆ ಎಂಬುದು ಗೊತ್ತಿರುವುದಿಲ್ಲ. ಬೆಲೆ ನಿಲ್ಲುವುದೂ ಬೀಳುವುದೂ ಬಹುಪಾಲು ಅದರ ಮೇಲೆಯೇ.

ಆ ಷರತ್ತಿಗೆ ಎರಡು ಕೀಲಿ. ಒಂದು ಆಮದು ಸುಂಕ, ಹಣಕಾಸು ಸಚಿವಾಲಯದ ಕೈಯಲ್ಲಿದೆ. ಇನ್ನೊಂದು ‘ಮುಕ್ತ’ ಅಥವಾ ‘ನಿರ್ಬಂಧಿತ’ ಎಂಬ ಪಟ್ಟಿ, ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ್ದು. ಸಭೆಗಳಲ್ಲಿ ಭಾಷಣ ಕೇಳಿದರೆ ಎಲ್ಲರೂ ಸುಂಕ ಹಾಕಿ, ಸುಂಕ ಹಾಕಿ ಅನ್ನುತ್ತಾರೆ. ಬೆಲೆಯನ್ನು ನಿಜಕ್ಕೂ ಅಲುಗಾಡಿಸುವುದು ಎರಡನೆಯದು. ಯಾಕೆ ಅನ್ನುವುದಕ್ಕೆ ಮೊದಲು ಹಡಗಿನ ಮಾಲು ಕಲಬುರಗಿಗೆ ಬಂದು ಬೀಳುವ ದರ ಹೇಗೆ ತೆಗೆಯುತ್ತೇವೆ ನೋಡಿ.

ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡಗಿನ ಅಂಕಿ ಇಟ್ಟುಕೊಳ್ಳೋಣ. ಬಂದರಿಗೆ ಬಂದು ಮುಟ್ಟಿದ ದರ ಟನ್ನಿಗೆ 800 ಡಾಲರ್, ಡಾಲರಿಗೆ 85 ರೂಪಾಯಿ. ಟನ್ನಿಗೆ 68,000, ಅಂದರೆ ಕ್ವಿಂಟಲಿಗೆ 6,800. ಬಂದರಿನ ಖರ್ಚು, ಕ್ಲಿಯರಿಂಗ್, ಬ್ಯಾಂಕ್ ಬಡ್ಡಿ ಸೇರಿ 150, ಲಾರಿ ಬಾಡಿಗೆ 200 ಹಿಡಿದರೆ ಮಿಲ್ಲಿನ ಬಾಗಿಲಿಗೆ 7,150. ಇದೇ ಸರಕಿಗೆ ಶೇ 10 ಸುಂಕ ಬಿದ್ದರೆ 680 ಕೂಡಿ 7,830. ಬೆಂಬಲ ಬೆಲೆ 7,550 ಇದ್ದ ವರ್ಷ ಈ ಎರಡು ಅಂಕಿ ಅದರ ಆಚೆ-ಈಚೆ ಬೀಳುತ್ತವೆ. 7,150ಕ್ಕೆ ಹೊರಗಿನ ಮಾಲು ಸಿಗುವಾಗ ಯಾವ ಮಿಲ್ಲಿನವರೂ ಜೇವರ್ಗಿಯ ತೊಗರಿಗೆ 7,550 ಬರೆಯುವುದಿಲ್ಲ. ಹಡಗು ಕಲಬುರಗಿಗೆ ಬರಲೇಬೇಕೆಂದಿಲ್ಲ. ಮಹಾರಾಷ್ಟ್ರದ ಬೇಳೆ ಮಿಲ್ಲುಗಳ ಊರಾದ ಲಾತೂರು, ಅಕೋಲಾಗೆ ಹೋದರೂ ಸಾಕು, ಇಲ್ಲಿಂದ ಅತ್ತ ಹೋಗುವ ಖರೀದಿ ನಿಂತು ದರ ಇಳಿಯುತ್ತದೆ. ರೂಪಾಯಿ ದುರ್ಬಲವಾದರೆ ಅದೂ ಒಂದು ನಮೂನಿ ಸುಂಕವೇ: ಇದೇ ಲೆಕ್ಕದಲ್ಲಿ ಡಾಲರ್ ಒಂದು ರೂಪಾಯಿ ಏರಿದರೆ ಕ್ವಿಂಟಲಿಗೆ 80 ರೂಪಾಯಿ ಏರುತ್ತದೆ.

ಈಗ ಆ 680 ರೂಪಾಯಿಯ ಕಥೆ. 2017ರ ಮಾರ್ಚ್‌ನಲ್ಲಿ ತೊಗರಿ ಆಮದಿಗೆ ಶೇ 10 ಸುಂಕ ಬಂತು, 2023ರ ಮಾರ್ಚ್‌ನಲ್ಲಿ ಅದನ್ನು ತೆಗೆದರು. ತೆಗೆದಾಗ ಇಲ್ಲಿ ದೊಡ್ಡ ಗದ್ದಲವಾಯಿತು. ಆದರೆ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿ ಎಲ್ಲವೂ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದ್ದವು. ಅಂಥ ದೇಶಗಳ ಸರಕಿಗೆ ಭಾರತ ಮೊದಲೇ ಸುಂಕ ವಿನಾಯಿತಿ ಕೊಟ್ಟಿತ್ತು. ಮೂಲ ದೇಶದ ಪ್ರಮಾಣಪತ್ರ ಸರಿಯಾಗಿದ್ದರೆ ಸಾಕು. ಪ್ರಮಾಣಪತ್ರದಲ್ಲಿ ಏನಾದರೂ ಹೊಂದದೆ ಹೋದರೆ ಕಸ್ಟಮ್ಸ್ ತಡೆಯುತ್ತಿತ್ತು, ಕಂಟೇನರ್ ನಿಂತಷ್ಟು ದಿನ ಬಾಡಿಗೆ ಏರುತ್ತಿತ್ತು. 2023ರಲ್ಲಿ ಸುಂಕ ತೆಗೆದದ್ದಕ್ಕೆ ಸರ್ಕಾರ ಕೊಟ್ಟ ಕಾರಣವೂ ಅದೇ: ಸುಂಕವಿಲ್ಲದ ದೇಶಗಳ ಮಾಲಿಗೂ ಕಾಗದಪತ್ರದ ತೊಡಕಾಗುತ್ತಿದೆ ಎಂದು. ಹಾಗಾಗಿ ಶೇ 10 ಮರಳಿ ಹಾಕಿದರೂ, ಈ ವಿನಾಯಿತಿಯನ್ನು ಮುಟ್ಟದಿದ್ದರೆ ನಮ್ಮ ಲೆಕ್ಕದ 7,150 ಹಾಗೇ ಉಳಿಯುತ್ತದೆ, ಮೇಲೆ ಒಂದಿಷ್ಟು ಓಡಾಟದ ಖರ್ಚು ಕೂಡಬಹುದು. ಮನವಿ ಪತ್ರ ಬರೆಯುವವರು ಈ ಸಾಲನ್ನು ಸೇರಿಸದೆ ಬರೆದರೆ ಮನವಿ ಒಪ್ಪಿದರೂ ಉಪಯೋಗವಾಗದು.

ನಿರ್ಬಂಧದ ಕೀಲಿ ಹಾಗಲ್ಲ. 2015ರಲ್ಲಿ ಮಳೆ ಕೈಕೊಟ್ಟು ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಅದನ್ನು ನೋಡಿ ಮರುವರ್ಷ ಎಲ್ಲರೂ ತೊಗರಿ ಬಿತ್ತಿದರು, ಮಳೆಯೂ ಬಂತು. ದೇಶದ ಉತ್ಪಾದನೆ 25 ಲಕ್ಷ ಟನ್ ಆಸುಪಾಸಿನಿಂದ 48 ಲಕ್ಷ ಟನ್ ದಾಟಿತು. 2016ರ ಜುಲೈನಲ್ಲೇ ಮೊಜಾಂಬಿಕ್ ಜೊತೆ ಐದು ವರ್ಷದ ಖರೀದಿ ಒಪ್ಪಂದವಾಗಿತ್ತು, ಮೊದಲ ವರ್ಷ 1 ಲಕ್ಷ ಟನ್, ಐದನೆಯ ವರ್ಷಕ್ಕೆ 2 ಲಕ್ಷ. 2017ರ ಜನವರಿಗೆ ಗಂಜಿನಲ್ಲಿ ದರ ಬೆಂಬಲ ಬೆಲೆಯಾದ 5,050ರ ಕೆಳಗೆ ಬಿತ್ತು. ಸುಂಕ ಬಂದದ್ದು ಮಾರ್ಚ್ ಕೊನೆಗೆ. ವರ್ಷಕ್ಕೆ 2 ಲಕ್ಷ ಟನ್ ಮಾತ್ರ ಎಂಬ ಕೋಟಾ ಬಂದದ್ದು ಆಗಸ್ಟ್‌ನಲ್ಲಿ. ರಫ್ತಿನ ಮೇಲಿದ್ದ, 2006ರಿಂದ ನಡೆದುಬಂದ ನಿಷೇಧ ತೆಗೆದದ್ದು ಸೆಪ್ಟೆಂಬರ್‌ನಲ್ಲಿ. ಸಾಲ ತೀರಿಸಬೇಕಾದ ಸಣ್ಣ ರೈತ ಅಷ್ಟರಲ್ಲಿ ಮಾರಿ ಮುಗಿಸಿದ್ದ. ರಕ್ಷಣೆ ಸಿಕ್ಕಿದ್ದು ಗೋದಾಮಿನಲ್ಲಿದ್ದ ದಾಸ್ತಾನಿಗೆ.

ತೆರೆಯುವಾಗಿನ ಕಾಲವೂ ಹೀಗೆಯೇ. 2021ರ ಮೇ ತಿಂಗಳಲ್ಲಿ ತೊಗರಿಯನ್ನು ಮತ್ತೆ ‘ಮುಕ್ತ’ ಪಟ್ಟಿಗೆ ಹಾಕಿದರು, ಮೊದಲು ಆ ವರ್ಷದ ಅಕ್ಟೋಬರ್ ಕೊನೆಯವರೆಗೆ ಎಂದು. ಆಮೇಲಿನ ಅವಧಿ ವಿಸ್ತರಣೆಯ ಅಧಿಸೂಚನೆಗಳಲ್ಲಿ ಕೆಲವು ಬಂದ ದಿನಗಳನ್ನು ನೋಡಿ: 2022ರ ಡಿಸೆಂಬರ್ ಕೊನೆ, 2023ರ ಡಿಸೆಂಬರ್ ಕೊನೆ, 2025ರ ಜನವರಿ. ಎಳ್ಳ ಅಮಾಸಿಯ ಹಿಂದೆಮುಂದೆ, ಹೊಲದಲ್ಲಿ ರಾಶಿ (ಕಾಳು ಬಡಿದು ತೆಗೆಯುವ ಕೆಲಸ) ನಡೆಯುವಾಗ. ಮುಂದಿನ ಮಾರ್ಚ್ ದಾಟಿದ ಮೇಲಿನ ಆಮದಿನ ಸುದ್ದಿ ಈ ಜನವರಿಯ ಟೆಂಡರ್ ದರವನ್ನು ಕೆಳಗೆ ಎಳೆಯುತ್ತದೆ, ಏಕೆಂದರೆ ಆರು ತಿಂಗಳ ಮಾಲು ಹಿಡಿದಿಡುವ ಧೈರ್ಯ ವ್ಯಾಪಾರಿಗೆ ಉಳಿಯುವುದಿಲ್ಲ. 2024-25ರಲ್ಲಿ 12 ಲಕ್ಷ ಟನ್‌ಗೂ ಮೇಲೆ ತೊಗರಿ ದೇಶದೊಳಗೆ ಬಂತು.

ಆಮದಿನ ಹಡಗಿಗೂ ಒಂದು ಪಂಚಾಂಗವಿದೆ. ಆಫ್ರಿಕಾದ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್. ಮಾಲು ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಮುಂಬೈಗೆ ಬೀಳುತ್ತದೆ, ನಮ್ಮ ರಾಶಿಗೆ ಸ್ವಲ್ಪ ಮುಂಚೆ. ಮ್ಯಾನ್ಮಾರ್ ಬೆಳೆ ಫೆಬ್ರುವರಿಯಿಂದ ಚೆನ್ನೈಗೆ, ನಮ್ಮ ರಾಶಿ ಮುಗಿಯುತ್ತಿದ್ದಂತೆ. ನಡುವೆ ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಹೊಸ ಮಾಲೆಂದರೆ ನಮ್ಮದೇ. 2023ರ ಕೊನೆಗೆ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ಸರಕು ಸಿಕ್ಕಿಬಿದ್ದಾಗ ಈ ಕಿಂಡಿ ಇನ್ನಷ್ಟು ಅಗಲವಾಯಿತು, ಬೇಗ ರಾಶಿ ಮಾಡಿದವರಿಗೆ ಲಾಭವೂ ಆಯಿತು. ಅದಕ್ಕೇ ಜನ ಆತುರ ಬೀಳುತ್ತಾರೆ, ಹಸಿ ಕಾಳು ಗಂಜಿಗೆ ಬರುತ್ತದೆ.

ಗೋಣಿಚೀಲಕ್ಕೆ ಬೊಂಬು ಚುಚ್ಚಿ ತೆಗೆದ ಹಿಡಿ ಕಾಳನ್ನು ಮೊದಲು ಅಂಗೈಯಲ್ಲಿ ತಿಕ್ಕುತ್ತಾರೆ, ಒಂದು ಕಾಳು ಹಲ್ಲಿಗೆ ಹಾಕುತ್ತಾರೆ. ಒಣಗಿದ್ದರೆ ಟಕ್ ಎಂದು ಎರಡಾಗುತ್ತದೆ, ಹಸಿಯಿದ್ದರೆ ಹಲ್ಲಿಗೆ ಮೆತ್ತುತ್ತದೆ. ಆಮೇಲೆ ತೇವ ಅಳೆಯುವ ಮೀಟರ್.

“ಕಾಕಾ, ಮಾಲ್ ಛಲೋ ಅದ, ಖರೆ ಇನ್ನಾ ಹಸಿ ಅದ. ಹದಿನೈದು ತೋರಸ್ಲಾಕತ್ತದ. ಎರಡು ದಿನ ಬಿಸಿಲಿಗಿ ಹಾಕಿ ತರ್ರಿ.”

“ಎರಡು ದಿನದಾಗ ಬರ್ಮಾ ಮಾಲ್ ಬಂದು ರೇಟ್ ಬಿದ್ರ ನೀ ಕೊಡ್ತಿ ಏನಪಾ?”

ಖರೀದಿದಾರ, ರೈತ ಇಬ್ಬರದೂ ಸರಿ. ಲೆಕ್ಕ ಹೀಗೆ: ಶೇ 15 ತೇವದ 100 ಕೆಜಿ ತೊಗರಿಯಲ್ಲಿ 85 ಕೆಜಿ ಒಣ ಕಾಳು, ಉಳಿದದ್ದು ನೀರು. ಶೇ 12ಕ್ಕೆ ಇಳಿಸಿದರೆ ತೂಕ 96.6 ಕೆಜಿ ಆಗುತ್ತದೆ. 3.4 ಕೆಜಿ ಕಡಿಮೆ, 7,500ರ ದರದಲ್ಲಿ ಸುಮಾರು 255 ರೂಪಾಯಿ. ಹಸಿಯ ನೆಪದಲ್ಲಿ ದರದಿಂದ ಕ್ವಿಂಟಲಿಗೆ 255ಕ್ಕಿಂತ ಹೆಚ್ಚು ಮುರಿದರೆ ಒಣಗಿಸಿ ತರುವುದು ಲಾಭ. ಕಡಿಮೆ ಮುರಿದರೆ ಅಲ್ಲೇ ಮಾರುವುದು ಲಾಭ. 400-500 ಮುರಿಯುವುದೂ ಉಂಟು. ಅಂಥಲ್ಲಿ ಮಾಲು ಎತ್ತಿಕೊಂಡು ಬರಲು ಲಾರಿ ಬಾಡಿಗೆ ಅಡ್ಡ ಬರುತ್ತದೆ. ಆದ್ದರಿಂದ ಚೀಲ ಹೊಲಿಯುವ ಮೊದಲೇ, ಊರಲ್ಲೇ, ಒಂದು ಕಿಲೋ ಕಾಳು ತೆಗೆದು ಮೀಟರ್ ಇರುವಲ್ಲಿ ನೋಡಿಸಿಕೊಳ್ಳಬೇಕು. ಮಶೀನಿನಲ್ಲಿ ರಾಶಿ ಮಾಡಿದ ಮಾಲಿಗೆ ಕಡ್ಡಿ, ಮಣ್ಣುಹೆಂಟೆ ಜಾಸ್ತಿ. ಜರಡಿ ಹಿಡಿಯದೆ ತಂದರೆ ತೇವದ ಜೊತೆ ಕಸಕ್ಕೂ ಮುರಿಯುತ್ತಾರೆ.

ಬೆಂಬಲ ಬೆಲೆಯ ಖರೀದಿ ಕೇಂದ್ರ ಇನ್ನೊಂದು ದಾರಿ. ಕೇಂದ್ರದ ಪರ ಖರೀದಿಸುವ ಸಹಕಾರಿ ಸಂಸ್ಥೆಗಳಾದ ನಾಫೆಡ್ ಅಥವಾ ಎನ್‌ಸಿಸಿಎಫ್ ಪರವಾಗಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು ಕೊಳ್ಳುತ್ತವೆ. 2024-25ರಲ್ಲಿ ರಾಜ್ಯ ಸರ್ಕಾರ ಕ್ವಿಂಟಲಿಗೆ 450 ಸೇರಿಸಿದ್ದರಿಂದ 7,550 ಹೋಗಿ 8,000 ಆಯಿತು. ನೋಂದಣಿಗೆ ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ), ಆಧಾರ್, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಹೆಚ್ಚಿನವರು ಮುಗ್ಗರಿಸುವುದು ಬೆಳೆ ಸಮೀಕ್ಷೆಯಲ್ಲಿ. ಮಿಶ್ರ ಬೆಳೆ ಇದ್ದ ಹೊಲದಲ್ಲಿ ಸಮೀಕ್ಷೆಗೆ ಬಂದವರು ಹೆಸರುಕಾಳಿನ ಬೆಳೆಯ ಫೋಟೋ ಹೊಡೆದು ಹೋಗಿರುತ್ತಾರೆ. ಜನವರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ಆ ಸರ್ವೆ ನಂಬರಿನಲ್ಲಿ ತೊಗರಿಯೇ ಇರುವುದಿಲ್ಲ. ತಿದ್ದುಪಡಿಗೆ ಆಕ್ಷೇಪಣೆ ಹಾಕುವ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಹೆಸರುಕಾಳು ಕಿತ್ತ ಮೇಲೆ, ಸೆಪ್ಟೆಂಬರ್‌ನಲ್ಲೇ, ಮೊಬೈಲ್ ಆ್ಯಪಿನಲ್ಲಿ ನಮ್ಮ ಸರ್ವೆ ನಂಬರಿನ ಮುಂದೆ ಏನಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಕೇಂದ್ರದಲ್ಲಿ ತೇವ ಶೇ 12, ಕಸಕಡ್ಡಿ ಶೇ 2 ದಾಟುವಂತಿಲ್ಲ. ಎಕರೆಗೆ ಇಷ್ಟು, ಒಬ್ಬರಿಂದ ಗರಿಷ್ಠ ಇಷ್ಟು ಎಂಬ ಮಿತಿ ವರ್ಷವರ್ಷ ಬದಲಾಗುತ್ತದೆ. 50 ಕೆಜಿಯ ಚೀಲ ತುಂಬಿ ತೂಕವಾದ ಮೇಲೆ ಮಾಲು ಗೋದಾಮಿಗೆ ಸೇರಿ ರಸೀದಿ ಏರಿದಾಗಲೇ ಹಣ. ವಾರಗಳು ಹಿಡಿಯುತ್ತವೆ. ಬಾರದಾನ, ಅಂದರೆ ತುಂಬುವ ಚೀಲ, ಖಾಲಿಯಾದರೆ ಖರೀದಿಯೇ ನಿಲ್ಲುತ್ತದೆ, ಟ್ರ್ಯಾಕ್ಟರ್ ಸಾಲಿನಲ್ಲಿ ನಿಲ್ಲುತ್ತದೆ. ಗಂಜಿನಲ್ಲಿ 500 ಕಡಿಮೆ ಸಿಕ್ಕರೂ ಸಂಜೆಗೆ ಪಟ್ಟಿಯ (ಮಾರಾಟದ ಚೀಟಿಯ) ಜೊತೆ ದುಡ್ಡು ಸಿಗುತ್ತದೆ ಎಂದು ಅಲ್ಲಿಗೇ ಹೋಗುವವರನ್ನು ತಿಳಿಗೇಡಿಗಳು ಎನ್ನಲಾಗದು, ಮನೆಯಲ್ಲಿ ಮದುವೆಯೋ ಬ್ಯಾಂಕಿನ ಕಂತೋ ಕಾಯುತ್ತಿರುತ್ತದೆ. 2025ರ ಕೇಂದ್ರ ಬಜೆಟ್‌ನಲ್ಲಿ ನಾಲ್ಕು ವರ್ಷ ರೈತರು ತಂದಷ್ಟೂ ತೊಗರಿ, ಉದ್ದು, ಮಸೂರ ಕೊಳ್ಳುವುದಾಗಿ ಹೇಳಿದ್ದಾರೆ. ಕೊಳ್ಳುವ ಮಾತು ಮತ್ತು ಸುಂಕವಿಲ್ಲದ ಆಮದು ಜೊತೆಜೊತೆಗೆ ನಡೆದರೆ ಖರ್ಚೆಲ್ಲ ಖಜಾನೆಯ ಮೇಲೆ: ಹೊರಗಿನ ಮಾಲು ದರ ಇಳಿಸುತ್ತದೆ, ಇಳಿದ ದರಕ್ಕೂ ಬೆಂಬಲ ಬೆಲೆಗೂ ಇರುವ ಅಂತರವನ್ನು ಸರ್ಕಾರ ತುಂಬುತ್ತದೆ.

ಮಿಲ್ಲಿನೊಳಗೆ ಹೋದರೆ ಇದೇ ಪ್ರಶ್ನೆಗೆ ಬೇರೆ ಮುಖ. ಕಾಳನ್ನು ಜರಡಿ ಹಿಡಿದು ಗಾತ್ರ ಬೇರ್ಪಡಿಸಿ, ಎಮರಿ ರೋಲರಿನಲ್ಲಿ ಸಿಪ್ಪೆಗೆ ಗೀರು ಹಾಕಿ, ಸ್ವಲ್ಪ ಎಣ್ಣೆ ಸವರಿ ರಾಶಿ ಹಾಕಿ ಬಿಡಬೇಕು. ಗೀರಿನಿಂದ ಎಣ್ಣೆ ಇಳಿದು ಸಿಪ್ಪೆಗೂ ಬೇಳೆಗೂ ನಡುವಿನ ಅಂಟು ಸಡಿಲವಾಗುತ್ತದೆ. ಆಮೇಲೆ ನೀರು ಚಿಮುಕಿಸಿ, ಬಿಸಿಲಿಗೋ ಡ್ರೈಯರಿಗೋ ಹಾಕಿ, ಮತ್ತೆ ರೋಲರ್. ಆತುರದಲ್ಲಿ ಒಣಗಿಸಿದರೆ ಖಂಡ (ಒಡೆದ ಚೂರು) ಜಾಸ್ತಿ. 100 ಕೆಜಿಗೆ 70ರಿಂದ 75 ಕೆಜಿ ಬೇಳೆ ಬರುತ್ತದೆ, ಉಳಿದದ್ದು ಖಂಡ, ಚುನ್ನಿ (ಪುಡಿ), ಭೂಸಾ (ಸಿಪ್ಪೆ). 72 ಕೆಜಿ ಹಿಡಿಯಿರಿ. ತೊಗರಿ 7,500, ಮಿಲ್ಲಿನ ಖರ್ಚು 300, ಚುನ್ನಿ-ಭೂಸಾದಿಂದ ಬರುವುದು 500 ಎಂದಿಟ್ಟುಕೊಂಡರೆ ಬೇಳೆ ಕಿಲೋಗೆ 101 ರೂಪಾಯಿಗೆ ಬೀಳುತ್ತದೆ. ತೊಗರಿ 680 ಏರಿದರೆ ಬೇಳೆ ಕಿಲೋಗೆ ಒಂಬತ್ತೂವರೆ ರೂಪಾಯಿ ಏರುತ್ತದೆ. ತಿಂಗಳಿಗೆ ಮೂರು ಕಿಲೋ ತಿನ್ನುವ ಮನೆಗೆ 28 ರೂಪಾಯಿ. ಹತ್ತು ಕ್ವಿಂಟಲ್ ಬೆಳೆದ ರೈತನಿಗೆ ಅದೇ 680 ಸೇರಿ 6,800. ಕೂಲಿ ಮಾಡಿ ಬೇಳೆ ಕೊಳ್ಳುವ ಮನೆಗೆ 28 ರೂಪಾಯಿ ಸಣ್ಣದಲ್ಲ, ಅಂಥ ಮನೆಗಳು ಬೆಳೆಯುವವರಿಗಿಂತ ಎಷ್ಟೋ ಹೆಚ್ಚು. ಬೇಳೆ ಏರಿದಾಗ ದಿಲ್ಲಿ ಬೇಗ ಎಚ್ಚರಗೊಳ್ಳುವುದು ಅದಕ್ಕೇ.

ಎಚ್ಚರಗೊಂಡಾಗ ಆಮದು ತೆರೆಯುವುದಷ್ಟೇ ಅಲ್ಲ, ದಾಸ್ತಾನಿನ ಮಿತಿಯೂ ಬರುತ್ತದೆ. 2023ರ ಜೂನ್‌ನಲ್ಲಿ ಸಗಟು ವ್ಯಾಪಾರಿಗೆ 200 ಟನ್ ಎಂದಿದ್ದನ್ನು ಸೆಪ್ಟೆಂಬರ್‌ನಲ್ಲಿ 50 ಟನ್‌ಗೆ ಇಳಿಸಿದರು. 50 ಟನ್ ಅಂದರೆ ಎರಡು ದೊಡ್ಡ ಲಾರಿ ಮಾಲು. ನವೆಂಬರ್‌ನಲ್ಲಿ ಮತ್ತೆ 200. ಇಂಥ ಮಿತಿ ಇರುವಾಗ ಗಂಜಿನಲ್ಲಿ ಆವಕ (ಬರುವ ಮಾಲು) ಒಮ್ಮೆಲೇ ಏರಿದರೆ ಕೊಳ್ಳಲು ಕೈಗಳೇ ಇರುವುದಿಲ್ಲ.

ಸುಂಕ ಮತ್ತು ಕೋಟಾ ಎರಡೂ ರಕ್ಷಣೆಯೇ ಆದರೂ ಹಣ ಹೋಗುವ ಜೇಬು ಬೇರೆ. ಸುಂಕದಲ್ಲಿ ಹೊರಗಿನ ದರಕ್ಕೂ ಒಳಗಿನ ದರಕ್ಕೂ ಇರುವ ಅಂತರ ಖಜಾನೆಗೆ ಹೋಗುತ್ತದೆ. ಕೋಟಾದಲ್ಲಿ ಅದು ಪರವಾನಗಿ ಸಿಕ್ಕವನಿಗೆ. 2017ರ ನಂತರ ಕೋಟಾವನ್ನು ಅರ್ಜಿ ಹಾಕಿದ ಮಿಲ್ಲುಗಳಿಗೆ ಹಂಚಿದರು, 2019ರಲ್ಲಿ ಅದನ್ನು 4 ಲಕ್ಷ ಟನ್‌ಗೆ ಏರಿಸಿದರು. ಪಾಲಿಗೆ ಬಂದ ಸಣ್ಣ ಲಾಟನ್ನು ಒಂದು ಊರಿನ ಮಿಲ್ಲು ತಾನೇ ಹೋಗಿ ಹಡಗಿನಿಂದ ಇಳಿಸಿಕೊಳ್ಳುವುದು ಕಷ್ಟ. ದೊಡ್ಡ ಆಮದುದಾರನ ಮೂಲಕವೇ ಆಗಬೇಕು. ಗ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ 11ನೇ ವಿಧಿ ಪರಿಮಾಣದ ನಿರ್ಬಂಧಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ; ಭಾರತ ಅಂಥ ಹಳೆಯ ನಿರ್ಬಂಧಗಳ ಕೊನೆಯ ಕಂತನ್ನು 2001ರ ಏಪ್ರಿಲ್‌ನಲ್ಲಿ ತೆಗೆದುಹಾಕಿತ್ತು. ಬೇಳೆಕಾಳಿನ ಕೋಟಾ ಬಂದಾಗ ಕೆನಡಾ, ಆಸ್ಟ್ರೇಲಿಯಾ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನೆ ಎತ್ತಿದವು. ಏಟು ಮಾತ್ರ ಬಿದ್ದದ್ದು ಮೊಜಾಂಬಿಕ್‌ನ ಸಣ್ಣ ರೈತನಿಗೆ. ಅಲ್ಲಿಯ ಜನ ತೊಗರಿಯನ್ನು ಹೆಚ್ಚಾಗಿ ಭಾರತಕ್ಕೆಂದೇ ಬೆಳೆಯುತ್ತಾರೆ, ಬೇರೆ ಗಿರಾಕಿ ಇಲ್ಲ. 2017ರಲ್ಲಿ ಅವನ ಹೊಲದ ದರವೂ ಕುಸಿಯಿತು. ನಮ್ಮ ಆಳಂದದ ರೈತನ ಎದುರಾಳಿ ಎಂದು ನಾವು ಹೇಳುವವನ ಕೈಯಲ್ಲಿರುವುದೂ ಎರಡು-ಮೂರು ಎಕರೆ.

ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ದ್ರಾಕ್ಷಾರಸದ ಉದಾಹರಣೆ ಕೊಟ್ಟು, ಪ್ರತಿ ದೇಶ ತನಗೆ ಹೆಚ್ಚು ಅನುಕೂಲವಾದದ್ದನ್ನು ಮಾಡಿ ಕೊಟ್ಟು-ಕೊಂಡರೆ ಇಬ್ಬರಿಗೂ ಲಾಭ ಎಂದ. ತರ್ಕ ಗಟ್ಟಿ. ಆದರೆ ಹೊಲದಲ್ಲಿ ನಿಂತ ತೊಗರಿಯನ್ನು ಜನವರಿಯಲ್ಲಿ ಹತ್ತಿ ಮಾಡಲಾಗದು. ಕಡಿಮೆ ದರದ ಸೂಚನೆ ಜೂನ್‌ಗೆ ಮೊದಲು ಬಂದರೆ ರೈತ ಬೆಳೆ ಬದಲಿಸಿಯಾನು. ರಾಶಿಯಲ್ಲಿ ಬಂದರೆ ಬರೀ ನಷ್ಟ. ಆದ್ದರಿಂದ ನಮ್ಮ ಕೇಳಿಕೆ ಬಾಗಿಲು ಮುಚ್ಚಿ ಎಂದಲ್ಲ. ಬರುವ ಮಾರ್ಚ್ ತನಕದ ಆಮದು ಷರತ್ತನ್ನು ಬೆಂಬಲ ಬೆಲೆಯ ಜೊತೆಗೇ ಜೂನ್‌ನಲ್ಲಿ ಹೇಳಿ, ಬಂದು ಬೀಳುವ ದರ ಬೆಂಬಲ ಬೆಲೆಗಿಂತ ಕೆಳಗಿದ್ದರೆ ಆ ಅಂತರವನ್ನು ಸುಂಕದಿಂದ ಮುಚ್ಚಿ, ಅತಿ ಹಿಂದುಳಿದ ದೇಶಗಳ ವಿನಾಯಿತಿಯನ್ನು ಆ ಲೆಕ್ಕದೊಳಗೆ ತನ್ನಿ. ಇದರಲ್ಲೂ ತೊಡಕಿದೆ, ಬಿಲ್ಲಿನಲ್ಲಿ ದರ ಹೆಚ್ಚು ತೋರಿಸಿ ಸುಂಕ ತಪ್ಪಿಸಿಕೊಳ್ಳಬಹುದು. ಬಂದರಿನ ದರವನ್ನು ಪ್ರತಿ ವಾರ ಪ್ರಕಟಿಸಿದರೆ ಮೋಸ ಬೇಗ ಕಾಣುತ್ತದೆ.

ಬಟಾಣಿಯನ್ನೂ ಕಣ್ಣಿಂದ ಬಿಡಬಾರದು. 2017ರ ನವೆಂಬರ್‌ನಿಂದ ಶೇ 50 ಸುಂಕ ಇದ್ದ ಹಳದಿ ಬಟಾಣಿಯನ್ನು 2023ರ ಡಿಸೆಂಬರ್‌ನಲ್ಲಿ ಸುಂಕವಿಲ್ಲದೆ ಬಿಟ್ಟರು, 2025ರ ನವೆಂಬರ್‌ನಿಂದ ಶೇ 30 ಹಾಕಿದರು. ಅದು ಕಡಲೆಗೆ ಪೆಟ್ಟು ಕೊಡುತ್ತದೆ ಎಂದು ಎಲ್ಲರಿಗೂ ಗೊತ್ತು, ಹೋಟೆಲಿನ ಸಾಂಬಾರಿನಲ್ಲಿ ತೊಗರಿಯ ಜಾಗಕ್ಕೂ ಬರುತ್ತದೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು, ಆದರೆ ಹೊರಗಿನ ಕಾಳನ್ನು ಒಡೆದು ಅದೇ ಊರಿನ ಹೆಸರಿನ ಚೀಲಕ್ಕೆ ತುಂಬುವುದು ನಡೆಯುವ ತನಕ ಆ ಹೆಸರಿನ ಬೆಲೆ ರೈತನ ಪಟ್ಟಿಯಲ್ಲಿ ಕಾಣುವುದಿಲ್ಲ.

ಹಿಡಿದಿಡುವವರು ಗಮನಿಸಬೇಕಾದದ್ದು ಇಷ್ಟು. ಸಾಲಕ್ಕೆ, ಕೂಲಿಗೆ ಬೇಕಾದಷ್ಟನ್ನು ಜನವರಿಯ ಆ ಕಿಂಡಿಯಲ್ಲೇ ಮಾರಿ, ಉಳಿದದ್ದನ್ನು ಶೇ 10ರ ಹತ್ತಿರಕ್ಕೆ ಒಣಗಿಸಿ. ನುಸಿಯ ಮೊಟ್ಟೆ ಹೊಲದಲ್ಲೇ ಕಾಯಿಯ ಮೇಲೆ ಬಿದ್ದಿರುತ್ತದೆ, ಚೀಲ ಸ್ವಚ್ಛವಿದ್ದರೆ ಸಾಲದು. ಗಾಳಿಯಾಡದ ಮೂರು ಪದರದ ಚೀಲದಲ್ಲಿ ತುಂಬಿ ಬಾಯಿ ಬಿಗಿದರೆ ಒಳಗಿನ ಹುಳ ಉಸಿರುಗಟ್ಟಿ ಸಾಯುತ್ತದೆ, ಚೀಲವನ್ನು ನಡುನಡುವೆ ಬಿಚ್ಚಬಾರದು ಅಷ್ಟೆ. ಗೋದಾಮಿನ ರಸೀದಿಯ ಮೇಲೆ ಸಾಲ ತೆಗೆದವರು ಬಡ್ಡಿ, ಬಾಡಿಗೆ, ತೂಕ ಇಳಿತ ಕೂಡಿಸಿ ತಿಂಗಳಿಗೆ ಎಷ್ಟು ಏರಿದರೆ ಅಸಲು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ‘ತೊಗರಿ ಆಮದು ಸುಂಕ’ ಎಂಬ ಸುದ್ದಿ ಬಂದಾಗ ಮೂಲ ಅಧಿಸೂಚನೆ ತೆರೆದು ಎರಡು ಸಾಲು ಓದಿ: ಪಟ್ಟಿಯಲ್ಲಿ ‘ಮುಕ್ತ’ ಇದೆಯೋ ‘ನಿರ್ಬಂಧಿತ’ ಇದೆಯೋ, ಯಾವ ತಾರೀಕಿನ ತನಕ. ಆ ತಾರೀಕಿಗೆ ಮೊದಲು ಸಾಗಣೆ ಪತ್ರವಾದ ಹಡಗುಗಳಿಗೆ ಬಿಡುವು ಕೊಟ್ಟಿದ್ದರೆ, ಬಾಗಿಲು ಮುಚ್ಚಿದ ಮೇಲೂ ಒಂದೆರಡು ತಿಂಗಳು ಮಾಲು ಬರುತ್ತಲೇ ಇರುತ್ತದೆ.